ನಿಮ್ಮ ಬರಹ ಇನ್ನೊಬ್ಬರ ಹೆಸರಿನಲ್ಲಿ ಕಂಡಾಗ ಏನು ಮಾಡಬೇಕು

ದುರ್ಗದ ಕೋಟೆ, ಚಂದ್ರವಳ್ಳಿ, ಸೂಳೆಕೆರೆ, ದಾವಣಗೆರೆಯ ಮಂಡಕ್ಕಿ ಭಟ್ಟಿ, ನಿಂತುಹೋದ ಬಟ್ಟೆ ಗಿರಣಿಗಳು, ಇವುಗಳ ಬಗ್ಗೆ ಚಿತ್ರದುರ್ಗ, ದಾವಣಗೆರೆ ಎಂಬ ನಮ್ಮ ಎರಡೂ ಜಿಲ್ಲೆಗಳಲ್ಲಿ ಸೊಗಸಾಗಿ ಬರೆಯುವವರಿದ್ದಾರೆ. ಹೆಚ್ಚಿನವರು ವೃತ್ತಿಯ ಲೇಖಕರಲ್ಲ. ನಿವೃತ್ತ ಮೇಷ್ಟ್ರು, ಬ್ಯಾಂಕಿನ ಗುಮಾಸ್ತರು, ಬಿ.ಇಡಿ. ಓದುವ ಹುಡುಗಿ. ಫೇಸ್‌ಬುಕ್ಕಿನಲ್ಲೋ ಊರಿನ ಪತ್ರಿಕೆಯಲ್ಲೋ ಬರೆದು ಸುಮ್ಮನಾಗುತ್ತಾರೆ. ವರ್ಷ ಕಳೆದ ಮೇಲೆ ಅದೇ ಬರಹ ಯಾರದೋ ಹೆಸರಿನಲ್ಲಿ, ಯಾರದೋ ಫೋಟೊದ ಕೆಳಗೆ, ಇಲ್ಲವೇ ಹಿನ್ನೆಲೆಯಲ್ಲಿ ಕೊಳಲು ಕೇಳಿಸುವ ಯೂಟ್ಯೂಬ್ ವಿಡಿಯೊದಲ್ಲಿ ಪ್ರತ್ಯಕ್ಷವಾಗುತ್ತದೆ. ಸಿಟ್ಟು ಬರುವುದು ಸಹಜ. ಆದರೆ ಸಿಟ್ಟಿನ ಭರದಲ್ಲಿ ಅಲ್ಲೇ ಕೆಳಗೆ ‘ಇದು ನನ್ನದು, ಕಳ್ಳ’ ಎಂದು ಬರೆದರೆ ಕೆಲಸ ಕೆಟ್ಟಿತು. ಆ ಮನುಷ್ಯ ಅದನ್ನು ಅಳಿಸುತ್ತಾನೆ, ನಿಮ್ಮನ್ನು ಬ್ಲಾಕ್ ಮಾಡುತ್ತಾನೆ, ವಾರ ಬಿಟ್ಟು ಇನ್ನೊಂದು ಪುಟದಲ್ಲಿ ಹಾಕುತ್ತಾನೆ. ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ಮೊದಲು ಹುಡುಕಿ, ಸದ್ದಿಲ್ಲದೆ ಸಾಕ್ಷಿ ಕೂಡಿಟ್ಟುಕೊಳ್ಳಿ, ನಿಮಗೆ ಬೇಕಾದದ್ದು ಏನೆಂದು ತೀರ್ಮಾನಿಸಿಕೊಳ್ಳಿ. ಬಾಯಿ ತೆರೆಯುವುದು ಅದಾದ ಮೇಲೆ.

ಹುಡುಕುವ ಬಗೆ

ಶೀರ್ಷಿಕೆಯಿಂದ ಹುಡುಕಬೇಡಿ. ‘ಚಿತ್ರದುರ್ಗದ ಹೊಂಡಗಳು’ ಎಂಬ ಶೀರ್ಷಿಕೆ ಯಾರಿಗೆ ಬೇಕಾದರೂ ಹೊಳೆಯುತ್ತದೆ. ಕದಿಯುವವರು ಮೊದಲು ಬದಲಾಯಿಸುವುದೂ ಅದನ್ನೇ. ಅದರ ನಂತರ ಅವರ ಕೈ ಹೋಗುವುದು ಮೊದಲ ಪ್ಯಾರಾಕ್ಕೆ ಮತ್ತು ಕೊನೆಯ ಸಾಲಿಗೆ. ನಡುಭಾಗ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ, ಏಕೆಂದರೆ ಅಲ್ಲಿಯವರೆಗೆ ಓದುವ ತಾಳ್ಮೆ ಅವರಿಗಿರುವುದಿಲ್ಲ. ಹಾಗಾಗಿ ನಡುವಿನಿಂದ ಆರೇಳು ಪದಗಳ ಒಂದು ವಾಕ್ಯ ಆರಿಸಿಕೊಳ್ಳಿ. ಅದರಲ್ಲಿ ಊರಿನ ಹೆಸರು, ಇಸವಿ, ರಾಜರ ಹೆಸರು ಇಲ್ಲದಿದ್ದರೆ ಒಳ್ಳೆಯದು. ಅದನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಟ್ಟು ಗೂಗಲ್‌ನಲ್ಲಿ ಹುಡುಕಿ, ಬಿಂಗ್‌ನಲ್ಲೂ ಒಮ್ಮೆ ಹುಡುಕಿ. ಎರಡರ ಫಲಿತಾಂಶವೂ ಒಂದೇ ಆಗಿರುವುದಿಲ್ಲ.

ಆದರೆ ಕನ್ನಡದಲ್ಲಿ ಇದಿಷ್ಟೇ ಸಾಲದು. ನನ್ನ ಪರಿಚಯದ ಮೇಷ್ಟ್ರೊಬ್ಬರು ದುರ್ಗದ ನೀರಿನ ವ್ಯವಸ್ಥೆಯ ಬಗ್ಗೆ ಬರೆದಿದ್ದರು. ಬೆಟ್ಟದ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯುವ ಕಥೆ. ಅದರಲ್ಲಿ ಹೀಗೊಂದು ಸಾಲಿತ್ತು:

‘ಸಿಹಿನೀರು ಹೊಂಡ ತುಂಬಿ ಮಿಕ್ಕಿದ್ದು ಸಂತೆಹೊಂಡಕ್ಕೆ ಇಳಿಯುತ್ತಿತ್ತು. ನೀರು ಬಂತೆಂದು ಊರಿಗೆ ಸಾರಲು ತಮಟೆಯವನು ಬೇಕಿರಲಿಲ್ಲ, ಕಪ್ಪೆಗಳೇ ಸಾಕಿದ್ದವು.’

ಒಂದು ಚಾನೆಲ್‌ನಲ್ಲಿ ಅದು ಬಂದದ್ದು ಹೀಗೆ:

‘ಸಿಹಿನೀರು ಹೊಂಡ ತುಂಬಿ ಹೆಚ್ಚಾದ ನೀರು ಸಂತೆಹೊಂಡಕ್ಕೆ ಹರಿಯುತ್ತಿತ್ತು. ನೀರು ಬಂದಿದೆ ಎಂದು ಊರಿಗೆ ಹೇಳಲು ಯಾರೂ ಬೇಕಿರಲಿಲ್ಲ, ಕಪ್ಪೆಗಳೇ ಸಾಕಾಗಿದ್ದವು.’

ಮೂಲ ವಾಕ್ಯವನ್ನು ಪೂರ್ತಿ ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿದರೆ ಈ ನಕಲು ಸಿಗುವುದೇ ಇಲ್ಲ. ‘ಮಿಕ್ಕಿದ್ದು’ ಹೋಗಿ ‘ಹೆಚ್ಚಾದ’ ಬಂದಿದೆ, ‘ಇಳಿಯುತ್ತಿತ್ತು’ ಹೋಗಿ ‘ಹರಿಯುತ್ತಿತ್ತು’ ಬಂದಿದೆ. ಆದರೆ ಉದ್ಧರಣ ಚಿಹ್ನೆಯಿಲ್ಲದೆ ‘ಸಂತೆಹೊಂಡ ಕಪ್ಪೆಗಳೇ’ ಎಂದು ಹುಡುಕಿದರೆ ಸಿಗುವ ಸಂಭವ ಹೆಚ್ಚು. ನಿಮ್ಮ ಬರಹದಲ್ಲಿ ಬೇರೆ ಯಾರೂ ಜೊತೆಯಾಗಿ ಬಳಸದ ಎರಡು ಮೂರು ಪದಗಳು ಯಾವುವೆಂದು ಗುರುತಿಸಿಕೊಂಡು ಅವುಗಳಿಂದ ಹುಡುಕಿ. ನಿಮ್ಮ ಲೇಖನದಲ್ಲಿ ಉಳಿದುಹೋದ ಅಚ್ಚಿನ ದೋಷವೊಂದು ಇದ್ದರೆ ಅದೂ ಒಳ್ಳೆಯ ಗಾಳ. ನಕಲು ಮಾಡುವವರು ತಪ್ಪನ್ನೂ ಭಕ್ತಿಯಿಂದ ನಕಲು ಮಾಡುತ್ತಾರೆ.

ಇನ್ನೊಂದು ತೊಡಕು ಅಕ್ಷರದ ಒಳಗೇ ಇದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕನ್ನಡ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಅದು ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ. ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಸಂಕೇತದಲ್ಲಿ ಹುಡುಕಿದರೆ ಅದು ಸಿಕ್ಕುವುದಿಲ್ಲ. ಸಣ್ಣ ಪತ್ರಿಕೆಗಳ ಪಿಡಿಎಫ್, ಸ್ಮರಣ ಸಂಚಿಕೆಗಳು, ಹಳೆಯ ಇ-ಪುಸ್ತಕಗಳು ಈಗಲೂ ಇಂಥವೇ. ಅನುಮಾನವಿದ್ದರೆ ನಿಮ್ಮ ವಾಕ್ಯವನ್ನು ಪರಿವರ್ತಕದಲ್ಲಿ ಹಾಕಿ ಹಳೆಯ ಸಂಕೇತಕ್ಕೆ ಬದಲಾಯಿಸಿ, ಆ ಗೋಜಲನ್ನೇ ಹುಡುಕಿ ನೋಡಬಹುದು. ಯೂನಿಕೋಡ್‌ನಲ್ಲೂ ಒತ್ತಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಕಗಳು ಸೇರಿಕೊಂಡಿರುತ್ತವೆ. ಅರ್ಕಾವೊತ್ತು ಇರುವ ಪದಗಳನ್ನು ಬಿಟ್ಟು ಸರಳ ಪದಗಳಿರುವ ವಾಕ್ಯವನ್ನು ಹುಡುಕಾಟಕ್ಕೆ ಆರಿಸಿಕೊಳ್ಳಿ ಎಂದು ಹೇಳುವುದು ಇದಕ್ಕೇ.

ಬರಹವನ್ನು ಚಿತ್ರವಾಗಿಸಿ ಹಂಚಿದ್ದರೆ ಗೂಗಲ್ ಲೆನ್ಸ್ ಕನ್ನಡವನ್ನು ತಕ್ಕಮಟ್ಟಿಗೆ ಓದುತ್ತದೆ. ಫೇಸ್‌ಬುಕ್ ಖಾಸಗಿ ಗುಂಪುಗಳ ಒಳಗಿನದು ಯಾವ ಹುಡುಕಾಟಕ್ಕೂ ಸಿಗುವುದಿಲ್ಲ, ಗುಂಪಿನೊಳಗೆ ಇದ್ದು ಅಲ್ಲಿನ ಹುಡುಕುವ ಪೆಟ್ಟಿಗೆಯನ್ನೇ ಬಳಸಬೇಕು. ಯೂಟ್ಯೂಬ್‌ನಲ್ಲಿ ವಿಷಯದ ಹೆಸರಿಂದ ಹುಡುಕಿ, ಐದಾರು ವಿಡಿಯೊಗಳ ಮೊದಲೆರಡು ನಿಮಿಷ ಕೇಳಿ. ಬೇಸರದ ಕೆಲಸ, ಆದರೆ ಸ್ವಂತ ವಾಕ್ಯ ಕಿವಿಗೆ ಬಿದ್ದರೆ ಗೊತ್ತಾಗದೆ ಇರುವುದಿಲ್ಲ. ಮುಂದಿನ ದಿನಗಳಿಗೆ ನಿಮ್ಮ ಹೆಸರಿನ ಮೇಲೆ, ಒಂದೆರಡು ವಾಕ್ಯಗಳ ಮೇಲೆ ಗೂಗಲ್ ಅಲರ್ಟ್ ಹಾಕಿಟ್ಟರೆ ಹೊಸದು ಕಂಡಾಗ ಇಮೇಲ್ ಬರುತ್ತದೆ.

ನಿಜಕ್ಕೂ ಅದು ನಿಮ್ಮದೇ?

ಈ ಪ್ರಶ್ನೆಗೆ ತಕ್ಷಣ ಹೌದು ಎನ್ನಬೇಡಿ. ಭಾರತದ ಹಕ್ಕುಸ್ವಾಮ್ಯ (ಕಾಪಿರೈಟ್) ಕಾಯ್ದೆ 1957ರದ್ದು. ಅದು ಕಾಪಾಡುವುದು ವಿಷಯವನ್ನಲ್ಲ, ವಿಷಯವನ್ನು ನೀವು ಹೇಳಿದ ರೀತಿಯನ್ನು. ಓಬವ್ವ ಕಿಂಡಿಯ ಬಳಿ ಒನಕೆ ಹಿಡಿದು ನಿಂತದ್ದು ಎಲ್ಲರ ಕಥೆ. ದಾವಣಗೆರೆ ಜಿಲ್ಲೆ 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಯಿತು ಎಂಬುದು ಎಲ್ಲರ ಮಾಹಿತಿ. ಮೇಷ್ಟ್ರ ಸಾಲಿನಲ್ಲೂ ಸಿಹಿನೀರು ಹೊಂಡದಿಂದ ಸಂತೆಹೊಂಡಕ್ಕೆ ನೀರು ಇಳಿಯುವುದು ಯಾರ ಸ್ವತ್ತೂ ಅಲ್ಲ. ತಮಟೆಯವನ ಬದಲು ಕಪ್ಪೆಗಳನ್ನು ನಿಲ್ಲಿಸಿದ್ದು ಮಾತ್ರ ಅವರದು. ಅಡುಗೆಯ ಬರಹವೂ ಹಾಗೆಯೇ. ನರ್ಗಿಸ್ ಮಂಡಕ್ಕಿಗೆ ಎಷ್ಟು ಅರಿಶಿನ, ಎಷ್ಟು ಹುರಿಗಡಲೆ ಪುಡಿ ಎಂಬ ಅಳತೆಗೆ ಯಾರೂ ಒಡೆಯರಲ್ಲ. ನಿಮ್ಮ ಅಜ್ಜಿ ಅದನ್ನು ಕಲಸುತ್ತಿದ್ದ ರೀತಿಯನ್ನು ನೀವು ಬಣ್ಣಿಸಿದ್ದೀರಲ್ಲ, ಅದು ನಿಮ್ಮದು. ಜೊತೆಗಿನ ಫೋಟೊ ತೆಗೆದವರದು. ಬರೀ ಶೀರ್ಷಿಕೆಗೆ ಹಕ್ಕುಸ್ವಾಮ್ಯ ಇಲ್ಲವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ.

ಅಷ್ಟಿಷ್ಟು ತಿದ್ದಿದ ನಕಲನ್ನು ಅಳೆಯುವುದು ಹೇಗೆ? ನಾಟಕಕಾರ ಆರ್.ಜಿ. ಆನಂದ್ ಅವರ 1978ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒರೆಗಲ್ಲು ಇವತ್ತಿಗೂ ಚಾಲ್ತಿಯಲ್ಲಿದೆ. ಎರಡನ್ನೂ ಓದಿದ ಅಥವಾ ನೋಡಿದ ಸಾಮಾನ್ಯ ಮನುಷ್ಯನಿಗೆ ಎರಡನೆಯದು ಮೊದಲನೆಯದರ ನಕಲೆಂದು ಸ್ಪಷ್ಟವಾಗಿ ಅನ್ನಿಸಬೇಕು. ನಿಮಗೆ ಅನ್ನಿಸಿದರೆ ಸಾಲದು. ವಿಷಯದ ಗಂಧವಿಲ್ಲದ ಗೆಳೆಯರಿಗೆ ಎರಡೂ ಪ್ರತಿ ಕೊಟ್ಟು, ಯಾವುದು ಯಾರದೆಂದು ಹೇಳದೆ ಓದಿಸಿ. ಅವರು ತಾವಾಗಿಯೇ ‘ಒಂದನ್ನು ನೋಡಿ ಇನ್ನೊಂದನ್ನು ಬರೆದಿದ್ದಾರೆ’ ಎಂದರೆ ಮುಂದುವರಿಯಿರಿ. ಈಗಂತೂ ಬರಹವನ್ನು ಯಂತ್ರಕ್ಕೆ ಕೊಟ್ಟು ‘ಬೇರೆ ಪದಗಳಲ್ಲಿ ಬರೆ’ ಎನ್ನುವವರು ಹೆಚ್ಚಿದ್ದಾರೆ. ಅಲ್ಲಿ ಪದಗಳು ಬದಲಾದರೂ ಉದಾಹರಣೆಗಳ ಸರಣಿ, ಪ್ಯಾರಾಗಳ ಜೋಡಣೆ ಹಾಗೆಯೇ ಉಳಿದಿರುತ್ತದೆ. ಅನುವಾದವೂ ರೂಪಾಂತರವೂ ಲೇಖಕರ ಹಕ್ಕಿನೊಳಗೇ ಬರುತ್ತವೆ. ನಿಮ್ಮ ಲೇಖನವನ್ನು ಹಿಂದಿಗೋ ಇಂಗ್ಲಿಷಿಗೋ ತಿರುಗಿಸಿ ಹಾಕಿದವರಿಗೂ ಅನುಮತಿ ಬೇಕಿತ್ತು.

ಹಕ್ಕು ನಿಮ್ಮ ಬಳಿಯೇ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಪತ್ರಿಕೆಯಲ್ಲಿ ಸಂಬಳದ ನೌಕರಿ ಮಾಡುತ್ತ ಬರೆದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ಹೊರಗಿನಿಂದ ಲೇಖನ ಕಳಿಸಿದವರು ಸಹಿ ಹಾಕಿ ಬಿಟ್ಟುಕೊಡದ ಹೊರತು ಹಕ್ಕು ಅವರಲ್ಲೇ ಇರುತ್ತದೆ. ಕಥಾಸ್ಪರ್ಧೆಯ ನಿಯಮಗಳಲ್ಲಿ ‘ಬಹುಮಾನಿತ ಕೃತಿಗಳ ಹಕ್ಕು ಸಂಸ್ಥೆಯದು’ ಎಂಬ ಸಾಲು ಅಡಗಿರುತ್ತದೆ, ಮತ್ತೊಮ್ಮೆ ಓದಿ. ವಿಕಿಪೀಡಿಯಕ್ಕೆ ನೀವೇ ಸೇರಿಸಿದ್ದನ್ನು ಮೂಲ ಹೇಳಿ, ಅದೇ ಪರವಾನಗಿಯಡಿ ಯಾರು ಬೇಕಾದರೂ ಬಳಸಬಹುದು. ಫೇಸ್‌ಬುಕ್ಕಿನಲ್ಲಿ ಹಾಕಿದರೆ ಅದನ್ನು ತೋರಿಸುವ ಅನುಮತಿ ಆ ಕಂಪನಿಗೆ ಸಿಗುತ್ತದೆಯೇ ಹೊರತು ದಾರಿಹೋಕರಿಗೆ ಅಲ್ಲ. ಅಲ್ಲಿನ ಹಂಚಿಕೆ ಗುಂಡಿ ಒತ್ತಿದರೆ ನಿಮ್ಮ ಹೆಸರು ಜೊತೆಗೇ ಹೋಗುತ್ತದೆ, ಅದಕ್ಕೆ ತಕರಾರಿಲ್ಲ. ನಕಲಿಸಿ ಅಂಟಿಸಿದರೆ ಕಥೆ ಬೇರೆ.

ವಿಮರ್ಶೆಗಾಗಿ, ಪ್ರಚಲಿತ ಸುದ್ದಿಯ ವರದಿಗಾಗಿ, ಸ್ವಂತದ ಅಧ್ಯಯನಕ್ಕಾಗಿ ಮಿತವಾಗಿ ಬಳಸುವುದನ್ನು ಕಾಯ್ದೆಯ 52ನೇ ಸೆಕ್ಷನ್ ಒಪ್ಪುತ್ತದೆ. ಯಾರೋ ನಿಮ್ಮ ನಾಲ್ಕು ಸಾಲು ಎತ್ತಿಕೊಂಡು, ಹೆಸರು ಹೇಳಿ, ನಿಮ್ಮ ವಾದವನ್ನು ಜಾಲಾಡಿದ್ದರೆ ಅದು ಕಳವಲ್ಲ, ಗೌರವ. ಆದರೆ ‘ನೂರು ಪದದವರೆಗೆ ತೆಗೆದುಕೊಳ್ಳಬಹುದು’ ಎಂದು ಕೆಲವರು ವಾದಿಸುತ್ತಾರಲ್ಲ, ಅಂಥ ಲೆಕ್ಕ ನಮ್ಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕೊನೆಯಲ್ಲಿ ‘ಕೃಪೆ: ಅಂತರ್ಜಾಲ’ ಎಂದು ಬರೆದರೆ ದೋಷ ಕಳೆಯಿತು ಎಂಬ ನಂಬಿಕೆಯೂ ಅಷ್ಟೇ ಆಧಾರರಹಿತ. ನಿಮ್ಮ ಹೆಸರನ್ನೇ ಹಾಕಿದ್ದರೂ ಇಡೀ ಲೇಖನ ಎತ್ತಲು ಅನುಮತಿ ಬೇಕು. ಹೆಸರು ಹಾಕುವುದು ಸೌಜನ್ಯ, ಅನುಮತಿ ಎಂಬುದು ಬೇರೆಯೇ ಸಂಗತಿ.

ಸಾಕ್ಷಿ

ಇದು ಇಡೀ ಕೆಲಸದ ತಿರುಳು, ಇಲ್ಲಿ ಆತುರಪಡಬೇಡಿ. ಒಂದು ಫೋಲ್ಡರ್ ಮಾಡಿ. ಅದರಲ್ಲಿ ಎರಡು ಭಾಗ: ಬರಹ ನಿಮ್ಮದೆಂದು ತೋರಿಸುವುದು, ಅವರು ಬಳಸಿದ್ದಾರೆಂದು ತೋರಿಸುವುದು.

ಮೊದಲನೆಯದರಲ್ಲಿ ದಿನಾಂಕವೇ ಎಲ್ಲ. ನೀವು ಪ್ರಕಟಿಸಿದ ಪುಟದ ಕೊಂಡಿ, ಸಂಪಾದಕರಿಗೆ ಕಳಿಸಿದ ಇಮೇಲ್, ಅವರ ಉತ್ತರ, ಅಚ್ಚಾದ ಪತ್ರಿಕೆಯ ಪುಟ (ಮುಖಪುಟವೂ ಸೇರಿ, ದಿನಾಂಕ ಇರುವುದು ಅಲ್ಲಿ), ಕೈಬರಹದ ಪ್ರತಿಯ ಫೋಟೊ. ಕಂಪ್ಯೂಟರಿನಲ್ಲಿರುವ ಮೂಲ ಕಡತವನ್ನು ಈಗ ತೆರೆದು ಏನನ್ನೂ ತಿದ್ದಬೇಡಿ. ತಿದ್ದಿ ಉಳಿಸಿದ ಕ್ಷಣ ಅದರ ಮೇಲಿನ ದಿನಾಂಕ ಇವತ್ತಿನದಾಗುತ್ತದೆ. ನೋಡಬೇಕಿದ್ದರೆ ಪ್ರತಿ ಮಾಡಿಕೊಂಡು ಆ ಪ್ರತಿಯನ್ನು ನೋಡಿ. ಫೇಸ್‌ಬುಕ್ಕಿನ ಹಳೆಯ ಬರಹವನ್ನು ಸಿಟ್ಟಿನಲ್ಲಿ ಅಳಿಸಿ ಹೊಸದಾಗಿ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಲೋಕದ ಲೆಕ್ಕದಲ್ಲಿ ನಕಲು ಮಾಡಿದವನು ಮೊದಲಿಗ, ನೀವು ನಂತರದವರು.

ಎರಡನೆಯದಕ್ಕೆ, ಪುಟದ ವಿಳಾಸಪಟ್ಟಿ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮೊಬೈಲಿನಲ್ಲಿ ವಿಳಾಸ ಪೂರ್ತಿ ಕಾಣುವುದಿಲ್ಲವಾದ್ದರಿಂದ ಸಾಧ್ಯವಾದರೆ ಕಂಪ್ಯೂಟರಿನಲ್ಲಿ ಮಾಡಿ. ಇಡೀ ಪುಟವನ್ನು ಪಿಡಿಎಫ್ ಆಗಿ ಉಳಿಸಿ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಆ ವಿಳಾಸ ಕೊಟ್ಟು ಪುಟವನ್ನು ಉಳಿಸಲು ಹೇಳಿದರೆ, ಮೂರನೆಯವರ ಬಳಿ ದಿನಾಂಕ ಸಮೇತ ಪ್ರತಿ ಉಳಿಯುತ್ತದೆ. ಇದು ನಿಮ್ಮ ಸ್ಕ್ರೀನ್‌ಶಾಟಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಸಾಮಾಜಿಕ ಜಾಲತಾಣಗಳ ಪುಟಗಳು ಅಲ್ಲಿ ಯಾವಾಗಲೂ ಸರಿಯಾಗಿ ಉಳಿಯುವುದಿಲ್ಲ, ಉಳಿದಿದೆಯೇ ಎಂದು ತೆರೆದು ನೋಡಿ. ವಿಡಿಯೊ ಆದರೆ ಯಾವ ನಿಮಿಷ, ಯಾವ ಸೆಕೆಂಡಿನಿಂದ ಎಲ್ಲಿಯವರೆಗೆ ನಿಮ್ಮ ಬರಹ ಎಂಬುದನ್ನು ಬರೆದಿಟ್ಟುಕೊಳ್ಳಿ. ಚಾನೆಲ್‌ನ ಪರಿಚಯ ಪುಟ, ವೀಕ್ಷಣೆಯ ಸಂಖ್ಯೆ, ಪಕ್ಕದಲ್ಲಿ ಜಾಹೀರಾತು ಬರುತ್ತಿದ್ದರೆ ಅದರ ಚಿತ್ರ, ಇವೂ ಇರಲಿ.

ಕೊನೆಗೆ ಒಂದು ಹಾಳೆಯನ್ನು ಎರಡು ಕಂಬ ಸಾಲು ಮಾಡಿ ಎಡಕ್ಕೆ ನಿಮ್ಮ ವಾಕ್ಯ, ಬಲಕ್ಕೆ ಅವರ ವಾಕ್ಯ ಇಡಿ. ಐದಾರು ಜೋಡಿ ಸಾಕು. ಮುಂದೆ ಜಾಲತಾಣದ ಸಿಬ್ಬಂದಿ, ವಕೀಲರು, ಪೊಲೀಸರು ಯಾರನ್ನು ನೋಡಿದರೂ ಅವರು ಮೊದಲು ಓದುವುದು ಈ ಹಾಳೆಯನ್ನೇ. ವಿಷಯ ಕೋರ್ಟಿಗೆ ಹೋಗುವಂತಿದ್ದರೆ ಇಂಥ ವಿದ್ಯುನ್ಮಾನ ದಾಖಲೆಗಳಿಗೆ ಪ್ರಮಾಣಪತ್ರ ಬೇಕಾಗುತ್ತದೆ. ಹಿಂದೆ ಸಾಕ್ಷ್ಯ ಕಾಯ್ದೆಯ 65ಬಿ ಸೆಕ್ಷನ್ ಎನ್ನುತ್ತಿದ್ದುದು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಆಗಿದೆ. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ. ನೀವು ಮೂಲ ಕಡತಗಳನ್ನು, ಅವುಗಳನ್ನು ತೆಗೆದ ಮೊಬೈಲನ್ನು ಜೋಪಾನ ಮಾಡಿದರೆ ಸಾಕು.

ಏನು ಬೇಕು ನಿಮಗೆ?

ಹೆಸರು ಬೇಕೇ, ಬರಹ ಅಲ್ಲಿಂದ ಹೋಗಬೇಕೇ, ದುಡ್ಡು ಬೇಕೇ, ಅಥವಾ ಬಿಟ್ಟುಬಿಡುವಿರೇ? ಪ್ರತಿಯೊಂದಕ್ಕೂ ದಾರಿ ಬೇರೆ. ನನ್ನ ಅಭಿಪ್ರಾಯ ಕೇಳುವುದಾದರೆ, ವಾಟ್ಸಾಪ್ ಫಾರ್ವರ್ಡ್‌ಗಳ ಬೆನ್ನು ಹತ್ತಬೇಡಿ. ಅದು ಎಲ್ಲಿಂದ ಹೊರಟಿತು, ಹೆಸರನ್ನು ಕತ್ತರಿಸಿದವರು ಯಾರು ಎಂದು ಕಂಡುಹಿಡಿಯುವುದರಲ್ಲಿ ಇನ್ನೊಂದು ಲೇಖನ ಬರೆಯಬಹುದು. ಕಳಿಸಿದವರಿಗೆ ‘ಇದು ನಾನು ಬರೆದದ್ದು, ಮೂಲ ಇಲ್ಲಿದೆ’ ಎಂದು ಕೊಂಡಿ ಕೊಟ್ಟು ಬಿಡಿ. ಜಾಹೀರಾತಿನಿಂದ ಸಂಪಾದಿಸುವ ಪುಟಗಳು, ಬರಹ ಓದಿ ಹೇಳುವ ಚಾನೆಲ್‌ಗಳು, ನಿಮ್ಮ ಲೇಖನವನ್ನು ಪುಸ್ತಕದಲ್ಲಿ ಸೇರಿಸಿದವರು, ಇವರನ್ನು ಮಾತ್ರ ಸುಮ್ಮನೆ ಬಿಡಬೇಡಿ.

ಯಾವ ದಾರಿ ಹಿಡಿದರೂ ಮೊದಲ ಪತ್ರ ಮೆತ್ತಗಿರಲಿ. ಹಾಕಿದವರು ಹಲವು ಸಲ ನಿಮ್ಮಂಥ ಓದುಗರೇ. ಹೆಸರಿಲ್ಲದೆ ಬಂದದ್ದನ್ನು ಇಷ್ಟವಾಯಿತೆಂದು ಹಾಕಿರುತ್ತಾರೆ, ಕೇಳಿದೊಡನೆ ಸರಿಪಡಿಸುತ್ತಾರೆ. ಪುಟದ ಸಂದೇಶ ಪೆಟ್ಟಿಗೆಗೋ ಇಮೇಲಿಗೋ ಹೀಗೆ ಬರೆಯಬಹುದು:

‘ನಮಸ್ಕಾರ. ನಿಮ್ಮ ಪುಟದಲ್ಲಿ ಮಾರ್ಚ್ 12ರಂದು ಪ್ರಕಟವಾಗಿರುವ ಸಂತೆಹೊಂಡದ ಬರಹ ನಾನು ಬರೆದದ್ದು. ಮೂಲದ ಕೊಂಡಿಯನ್ನು ಇದರೊಂದಿಗೆ ಕಳಿಸಿದ್ದೇನೆ. ಇದನ್ನು ಬಳಸಲು ನನ್ನ ಅನುಮತಿ ಪಡೆದಿರುವುದಿಲ್ಲ. ದಯವಿಟ್ಟು ಮೂರು ದಿನಗಳೊಳಗೆ ತೆಗೆಯಿರಿ, ಇಲ್ಲವೇ ಬರಹದ ಮೇಲ್ಭಾಗದಲ್ಲಿ ನನ್ನ ಹೆಸರು ಮತ್ತು ಮೂಲದ ಕೊಂಡಿ ಹಾಕಿ ತಿಳಿಸಿ. ಈ ಬರಹ ನಿಮಗೆ ಬೇರೆಯವರಿಂದ ಬಂದಿದ್ದರೆ ಅವರು ಯಾರೆಂದು ತಿಳಿಸಿದರೆ ಉಪಕಾರವಾಗುತ್ತದೆ.’

ಕೊನೆಯ ವಾಕ್ಯವನ್ನು ಬಿಡಬೇಡಿ. ಅದರಿಂದ ಅವರಿಗೆ ಮುಖ ಉಳಿಸಿಕೊಳ್ಳಲು ದಾರಿಯಾಗುತ್ತದೆ, ನಿಮಗೆ ನಕಲಿನ ಬೇರು ಸಿಗುತ್ತದೆ. ತೆಗೆಯುವುದೊಂದೇ ನಿಮಗೆ ಬೇಕಿದ್ದರೆ ‘ಇಲ್ಲವೇ’ ಎಂಬಲ್ಲಿಂದ ಆ ವಾಕ್ಯದ ಕೊನೆಯವರೆಗೆ ಕಿತ್ತುಹಾಕಿ.

ಸಾರ್ವಜನಿಕವಾಗಿ ಮಾನ ಹರಾಜು ಹಾಕುವ ಆಸೆಯನ್ನು ತಡೆದುಕೊಳ್ಳಿ. ಎರಡು ಬರಹಗಳನ್ನು ಪಕ್ಕಪಕ್ಕ ಇಟ್ಟು ತೋರಿಸುವುದರಲ್ಲಿ ತಪ್ಪಿಲ್ಲ. ಆದರೆ ಬೈಗುಳ ಸೇರಿದರೆ, ಮಾನನಷ್ಟದ ನೋಟಿಸ್ ನಿಮಗೇ ಬರಬಹುದು. ನಿಮ್ಮ ಬೆಂಬಲಿಗರೆಂದು ಬಂದವರು ಆ ವ್ಯಕ್ತಿಯ ಮನೆಯವರನ್ನೆಲ್ಲ ಎಳೆದು ತಂದರಂತೂ ನ್ಯಾಯ ನಿಮ್ಮ ಪಕ್ಷದಲ್ಲಿದ್ದದ್ದೂ ಮರೆತುಹೋಗುತ್ತದೆ.

ಜಾಲತಾಣಕ್ಕೆ ದೂರು

ಮೂರು ದಿನವಾದರೂ ಉತ್ತರವಿಲ್ಲ ಎಂದಿಟ್ಟುಕೊಳ್ಳಿ. ಬರಹದ ಪಕ್ಕದ ಮೂರು ಚುಕ್ಕಿ ಒತ್ತಿ ‘ರಿಪೋರ್ಟ್’ ಮಾಡಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಅದು ಅಸಭ್ಯ, ಹಿಂಸಾತ್ಮಕ ವಿಷಯಗಳಿಗೆಂದು ಇರುವ ದಾರಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಗೂಗಲ್, ವರ್ಡ್‌ಪ್ರೆಸ್ ಎಲ್ಲದರಲ್ಲೂ ಹಕ್ಕುಸ್ವಾಮ್ಯದ ದೂರಿಗೆ ಪ್ರತ್ಯೇಕ ನಮೂನೆ ಇದೆ, ಅದನ್ನೇ ಹುಡುಕಿ. ಇವು ಅಮೆರಿಕದ ಕಂಪನಿಗಳಾದ್ದರಿಂದ ನಮೂನೆಗಳು ಅಲ್ಲಿನ 1998ರ ಡಿಎಂಸಿಎ (ಡಿಜಿಟಲ್ ಹಕ್ಕುಸ್ವಾಮ್ಯ) ಕಾಯ್ದೆಯ ಚೌಕಟ್ಟಿನಲ್ಲಿವೆ. ಎಲ್ಲ ಕಡೆ ಕೇಳುವುದು ಹೆಚ್ಚುಕಡಿಮೆ ಒಂದೇ: ನಿಮ್ಮ ನಿಜವಾದ ಹೆಸರು, ಸಂಪರ್ಕ ವಿವರ, ಮೂಲ ಕೃತಿ ಯಾವುದು, ನಕಲು ಇರುವ ನಿಖರವಾದ ವಿಳಾಸ, ಈ ಬಳಕೆಗೆ ಅನುಮತಿ ಇಲ್ಲವೆಂಬ ಪ್ರಾಮಾಣಿಕ ನಂಬಿಕೆಯ ಹೇಳಿಕೆ, ವಿವರಗಳು ಸತ್ಯವೆಂಬ ಘೋಷಣೆ ಮತ್ತು ಸಹಿ. ಹೆಸರನ್ನು ಟೈಪಿಸಿದರೆ ಸಹಿ ಆದಂತೆ. ಚಾನೆಲ್‌ನ ಮುಖಪುಟದ ವಿಳಾಸ ಕೊಟ್ಟರೆ ದೂರು ವಾಪಸ್ಸು ಬರುತ್ತದೆ, ಆ ಒಂದು ವಿಡಿಯೊದ, ಆ ಒಂದು ಬರಹದ ವಿಳಾಸವೇ ಬೇಕು.

ನಮ್ಮ ಕಷ್ಟ ಏನೆಂದರೆ ದೂರು ಓದುವವರಿಗೆ ಕನ್ನಡ ಬರುತ್ತದೆ ಎನ್ನುವ ಖಾತರಿ ಇಲ್ಲ. ‘ನನ್ನ ಲೇಖನ ಕದ್ದಿದ್ದಾರೆ’ ಎಂದು ನಾಲ್ಕು ಪುಟ ಬರೆದರೆ ಪ್ರಯೋಜನವಾಗುವುದಿಲ್ಲ. ಸರಳ ಇಂಗ್ಲಿಷಿನಲ್ಲಿ, ಬೇಕಿದ್ದರೆ ಓದುವ ಮಕ್ಕಳ ಸಹಾಯ ಪಡೆದು, ಮೂರೇ ಸಂಗತಿ ಹೇಳಿ. ಮೂಲ ಯಾವಾಗ ಪ್ರಕಟವಾಯಿತು, ನಕಲು ಯಾವಾಗ ಬಂತು, ಮೂಲದ ಎಷ್ಟನೆಯ ಪ್ಯಾರಾದಿಂದ ಎಷ್ಟನೆಯ ಪ್ಯಾರಾದವರೆಗೆ ಅಲ್ಲಿದೆ. ಜೊತೆಗೆ ಎರಡು ಕಂಬಸಾಲಿನ ಆ ಹಾಳೆಯ ಮೂರು ಜೋಡಿ ವಾಕ್ಯಗಳನ್ನು ಕನ್ನಡದಲ್ಲೇ ಅಂಟಿಸಿ. ಭಾಷೆ ತಿಳಿಯದವರಿಗೂ ಅಕ್ಷರಗಳು ಹೋಲುವುದು ಕಾಣುತ್ತದೆ.

ಯೂಟ್ಯೂಬ್‌ನಲ್ಲಿ ದೂರು ಕೊಡುವಾಗ ನಿಮ್ಮ ಹೆಸರು ವಿಡಿಯೊ ಹಾಕಿದವರಿಗೆ ತಿಳಿಯುತ್ತದೆ, ಅದಕ್ಕೆ ಸಿದ್ಧರಿರಿ. ತಕ್ಷಣ ತೆಗೆಸುವ ಬದಲು ಏಳು ದಿನ ಸಮಯ ಕೊಡುವ ಆಯ್ಕೆಯೂ ಅಲ್ಲಿದೆ. ಅಷ್ಟರಲ್ಲಿ ಅವರೇ ತೆಗೆದರೆ ಅವರ ಚಾನೆಲ್‌ಗೆ ಸ್ಟ್ರೈಕ್ (ಉಲ್ಲಂಘನೆಯ ಗುರುತು) ಬೀಳುವುದಿಲ್ಲ. 90 ದಿನಗಳಲ್ಲಿ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಮುಚ್ಚಬಹುದು. ಬಾಡಿಗೆ ಕಟ್ಟುವುದಕ್ಕೂ ಆ ಆದಾಯ ನಂಬಿದ ಹುಡುಗ ಇರಬಹುದೆಂದು ನನಗೆ ಅನ್ನಿಸುವುದರಿಂದ ಮೊದಲ ಸಲ ಏಳು ದಿನದ ಆಯ್ಕೆಯನ್ನೇ ನಾನು ಸೂಚಿಸುತ್ತೇನೆ. ಎರಡನೆಯ ಸಲ ಸೂಚಿಸುವುದಿಲ್ಲ. ವಿಡಿಯೊ ಹಾಕಿದವರು ‘ಇದು ನನ್ನದೇ’ ಎಂದು ಪ್ರತಿವಾದ ಸಲ್ಲಿಸಿದರೆ, ಹತ್ತು ಕೆಲಸದ ದಿನಗಳೊಳಗೆ ನೀವು ಕೋರ್ಟಿಗೆ ಹೋಗಿರುವುದನ್ನು ತೋರಿಸಬೇಕು, ಇಲ್ಲದಿದ್ದರೆ ವಿಡಿಯೊ ಮತ್ತೆ ಬರುತ್ತದೆ. ಸುಳ್ಳು ದೂರು ಕೊಟ್ಟವರ ಮೇಲೂ ಕ್ರಮವಿರುತ್ತದೆ. ಬರೀ ವಿಷಯ ಒಂದೇ ಎಂಬ ಕಾರಣಕ್ಕೆ ದೂರು ಹಾಕಬೇಡಿ.

ಗೂಗಲ್ ಹುಡುಕಾಟದಿಂದ ತೆಗೆಸಿದರೆ ಪುಟ ಇದ್ದಲ್ಲೇ ಇರುತ್ತದೆ, ಫಲಿತಾಂಶದಲ್ಲಿ ಕಾಣುವುದು ಮಾತ್ರ ನಿಲ್ಲುತ್ತದೆ. ಜಾಹೀರಾತಿಗಾಗಿ ನಡೆಯುವ ಪುಟಕ್ಕೆ ಅಷ್ಟೇ ಸಾಕಷ್ಟು ಪೆಟ್ಟು. ಗೂಗಲ್ ಇಂಥ ದೂರುಗಳ ಪ್ರತಿಯನ್ನು ಲುಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಕಳಿಸುತ್ತದೆ ಎಂಬುದೂ ತಿಳಿದಿರಲಿ.

ಭಾರತದ ಜಾಲತಾಣವಾದರೆ ನಮ್ಮದೇ ಒಂದು ಗಟ್ಟಿ ನಿಯಮವಿದೆ, ಬಹಳ ಜನರಿಗೆ ಗೊತ್ತಿಲ್ಲ. 2013ರ ಹಕ್ಕುಸ್ವಾಮ್ಯ ನಿಯಮಗಳ 75ನೇ ನಿಯಮದಂತೆ, ಬೇರೆಯವರು ಹಾಕಿದ್ದನ್ನು ಇರಿಸಿಕೊಂಡಿರುವ ತಾಣಕ್ಕೆ ನೀವು ವಿವರಗಳೊಂದಿಗೆ ಲಿಖಿತ ದೂರು ಕೊಟ್ಟರೆ, ಅದು ಸರಿಯೆನ್ನಿಸಿದಲ್ಲಿ ಅವರು 36 ಗಂಟೆಗಳೊಳಗೆ ಅದನ್ನು ಕಾಣದಂತೆ ಮಾಡಬೇಕು. ಇದರ ಆಯಸ್ಸು 21 ದಿನ. ಅಷ್ಟರೊಳಗೆ ನೀವು ಕೋರ್ಟಿನ ಆದೇಶ ತರದಿದ್ದರೆ ಅವರು ಮತ್ತೆ ತೋರಿಸಬಹುದು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ ಇಂಥ ತಾಣಗಳು ತಮ್ಮ ಕುಂದುಕೊರತೆ ಅಧಿಕಾರಿಯ ಹೆಸರು, ವಿಳಾಸ ಪ್ರಕಟಿಸಿರಬೇಕು. ಪುಟದ ತಳದಲ್ಲಿ ಚಿಕ್ಕ ಅಕ್ಷರಗಳಲ್ಲಿ ಹುಡುಕಿ.

ವಕೀಲರು, ಪೊಲೀಸರು, ಕೋರ್ಟು

ಇದನ್ನೆಲ್ಲ ಒಂದು ಕವನಕ್ಕಾಗಿ ಮಾಡುವುದು ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಬರಹದಿಂದ ಇನ್ನೊಬ್ಬರು ದುಡ್ಡು ಮಾಡಿದ್ದರೆ ಅಥವಾ ಪುಸ್ತಕವನ್ನೇ ತಂದಿದ್ದರೆ ಮಾತ್ರ ಮುಂದೆ ಓದಿ.

ಹಕ್ಕುಸ್ವಾಮ್ಯ ನೋಂದಾಯಿಸಿರಲಿಲ್ಲ ಎಂದು ಹಿಂಜರಿಯಬೇಡಿ. ಬರೆದ ಕ್ಷಣದಿಂದಲೇ ಹಕ್ಕು ಇರುತ್ತದೆ, ಲೇಖಕರ ಜೀವಿತಾವಧಿ ಮತ್ತು ಆನಂತರ 60 ವರ್ಷ. ನೋಂದಣಿ ಕಡ್ಡಾಯವಲ್ಲ, ಇದ್ದರೆ ರುಜುವಾತಿಗೆ ಅನುಕೂಲ. ಪುಸ್ತಕವಾಗುವಷ್ಟು ಬರಹ ಇರುವವರು ಹಕ್ಕುಸ್ವಾಮ್ಯ ಕಚೇರಿಯ ಜಾಲತಾಣದಲ್ಲಿ ಸಾಹಿತ್ಯ ಕೃತಿಯೊಂದಕ್ಕೆ 500 ರೂಪಾಯಿ ಶುಲ್ಕ ಕಟ್ಟಿ ಮಾಡಿಸಿಕೊಳ್ಳಬಹುದು.

ನಕಲು ಮಾಡಿದವರು ಬೆಂಗಳೂರಿನಲ್ಲಿದ್ದಾರೆ, ಮುಂಬೈಯಲ್ಲಿದ್ದಾರೆ, ಅಲ್ಲಿಗೆ ಅಲೆಯುವುದು ಹೇಗೆ ಎಂಬ ಚಿಂತೆಯೂ ಬೇಡ. ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಹಕ್ಕುದಾರರು ತಾವು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ದಾವಣಗೆರೆಯವರು ದಾವಣಗೆರೆಯಲ್ಲಿ, ದುರ್ಗದವರು ದುರ್ಗದಲ್ಲಿ. ಬರಹ ತೆಗೆಸಲು ತಡೆಯಾಜ್ಞೆ, ನಷ್ಟ ಪರಿಹಾರ, ಅವರು ಗಳಿಸಿದ ಲಾಭದ ಲೆಕ್ಕ, ಎಲ್ಲವನ್ನೂ ಕೇಳಬಹುದು. ಹಕ್ಕನ್ನು ಮಾರಿದ್ದರೂ 57ನೇ ಸೆಕ್ಷನ್‌ನಂತೆ ‘ಇದನ್ನು ಬರೆದವನು ನಾನು’ ಎಂದು ಹೇಳಿಕೊಳ್ಳುವ, ಗೌರವಕ್ಕೆ ಕುಂದು ತರುವಂತೆ ತಿರುಚಿದ್ದನ್ನು ತಡೆಯುವ ಹಕ್ಕು ಲೇಖಕರಲ್ಲಿ ಉಳಿದಿರುತ್ತದೆ. ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ.

ತಿಳಿದೂ ಮಾಡಿದ ಉಲ್ಲಂಘನೆ ಅಪರಾಧವೂ ಹೌದು. 63ನೇ ಸೆಕ್ಷನ್ನಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ ಎರಡು ಲಕ್ಷ ರೂಪಾಯಿ ದಂಡ ಇದೆ. ಇದು ಪೊಲೀಸರು ನೇರವಾಗಿ ದಾಖಲಿಸಿಕೊಳ್ಳಬಹುದಾದ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗುವುದಾದರೆ ಬರಿಗೈಯಲ್ಲಿ ಹೋಗಿ ಕಥೆ ಹೇಳಬೇಡಿ, ಆ ಫೋಲ್ಡರಿನ ಮುದ್ರಿತ ಪ್ರತಿ ಒಯ್ಯಿರಿ.

ಪುಸ್ತಕದಲ್ಲಿ ಬಂದದ್ದಾದರೆ ಲೇಖಕರಿಗಿಂತ ಮೊದಲು ಪ್ರಕಾಶಕರಿಗೆ ಬರೆಯಿರಿ. ಮಾರಾಟ ನಿಲ್ಲಿಸುವ ಅಧಿಕಾರ ಇರುವುದು ಅವರಿಗೆ. ಪತ್ರ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ, ತಲುಪಿದ್ದಕ್ಕೆ ದಾಖಲೆ ಇರಲಿ. ಪುಸ್ತಕದ ಒಂದು ಪ್ರತಿಯನ್ನು ಹಣ ಕೊಟ್ಟು ಕೊಂಡು ರಸೀದಿ ಇಟ್ಟುಕೊಳ್ಳಿ.

ಮುಂದಿನ ಸಲಕ್ಕೆ

ಹೆಸರನ್ನು ಕೊನೆಯ ಸಾಲಿನಲ್ಲಿ ಹಾಕಬೇಡಿ, ಮೊಬೈಲಿನಲ್ಲಿ ನಕಲಿಸುವಾಗ ಮೊದಲು ಉದುರುವುದು ಅದೇ. ಶೀರ್ಷಿಕೆಯ ಕೆಳಗೊಮ್ಮೆ ಇರಲಿ, ನಡುವೆ ಎಲ್ಲಾದರೂ ‘ನಾನು ಹಿಂದೆ ಬರೆದಂತೆ’ ಎಂಬ ನೆಪದಲ್ಲಿ ನಿಮ್ಮದೇ ಇನ್ನೊಂದು ಲೇಖನದ ಕೊಂಡಿ ಇರಲಿ. ಕೊಂಡಿ ಅಳಿಸದೆ ಅಂಟಿಸಿದವರು ಓದುಗರನ್ನು ನಿಮ್ಮ ಮನೆಬಾಗಿಲಿಗೇ ಕಳಿಸುತ್ತಾರೆ. ಬರಹದ ಮೇಲೆ ಒಂದು ಸಾಲು ಸೇರಿಸಿ: ‘ಕೊಂಡಿ ಹಂಚಿಕೊಳ್ಳಬಹುದು. ಪೂರ್ತಿ ಬರಹವನ್ನು ಬೇರೆಡೆ ಹಾಕಲು, ಓದಿ ವಿಡಿಯೊ ಮಾಡಲು, ಅನುವಾದಿಸಲು ಕೇಳಿ.’

ಹೀಗೆ ಬರೆದರೆ ಕೆಲವರು ನಿಜಕ್ಕೂ ಕೇಳುತ್ತಾರೆ. ಆಗ ಖುಷಿಯಲ್ಲಿ ‘ಧಾರಾಳವಾಗಿ ಬಳಸಿಕೊಳ್ಳಿ’ ಎಂದು ಉತ್ತರಿಸಬೇಡಿ. ಯಾವ ಬರಹ, ಯಾವ ಮಾಧ್ಯಮದಲ್ಲಿ, ಎಷ್ಟು ಕಾಲ, ಹೆಸರು ಎಲ್ಲಿ ಬರಬೇಕು, ಹಣ ಉಂಟೇ ಇಲ್ಲವೇ ಎಂಬ ಐದು ಸಂಗತಿಗಳನ್ನು ಬರಹದಲ್ಲಿ ತಿಳಿಸಿ. ಒಪ್ಪಂದದ ಕಾಗದಕ್ಕೇ ಸಹಿ ಹಾಕುವುದಾದರೆ ಅವಧಿಯ ಸಾಲನ್ನು ಖಾಲಿ ಬಿಡಬೇಡಿ. ಅವಧಿ ನಮೂದಿಸದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದು, ವ್ಯಾಪ್ತಿ ನಮೂದಿಸದಿದ್ದರೆ ಇಡೀ ಭಾರತವೆಂದು ಎಣಿಸುತ್ತದೆ.